ಕೆಲಸವನ್ನು ಅರಿತು ಕಟ್ಟಿದ ಪೆಟ್ಟಿಗೆ: ಮಾದರಿ ವಿಮಾನದ ಹವ್ಯಾಸದಿಂದ ಸಣ್ಣ ಉದ್ದಿಮೆಗೊಂದು ಪಾಠ

ಭಾನುವಾರ ಮುಂಜಾನೆ ಬೆಂಗಳೂರು ನಗರದಿಂದ ಹೆಸರಘಟ್ಟ, ದೊಡ್ಡಬಳ್ಳಾಪುರ, ನೆಲಮಂಗಲಗಳ ದಿಕ್ಕಿಗೆ ಹೊರಡುವ ಕಾರುಗಳ ಪೈಕಿ ಕೆಲವದರ ಹಿಂಬದಿಯಲ್ಲಿ ರೆಕ್ಕೆ ಕಳಚಿದ ಪುಟ್ಟ ವಿಮಾನವೊಂದು ಮಲಗಿರುತ್ತದೆ. ಅದರ ಪಕ್ಕದಲ್ಲಿ ಹಿಡಿಕೆಯುಳ್ಳ ಒಂದು ಮರದ ಪೆಟ್ಟಿಗೆ. ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಹಾರಿಸುವ ಹವ್ಯಾಸಿಗಳು ಇದನ್ನು ‘ಫೀಲ್ಡ್ ಬಾಕ್ಸ್’ ಎಂದು ಕರೆಯುತ್ತಾರೆ. ಕ್ಷೌರಿಕನಿಗೆ ಹಡಪ ಹೇಗೋ, ಅಕ್ಕಸಾಲಿಗನಿಗೆ ಹತಾರಗಳ ಪೆಟ್ಟಿಗೆ ಹೇಗೋ, ಹವ್ಯಾಸಿಗೆ ಈ ಪೆಟ್ಟಿಗೆ ಹಾಗೆ. ವಿಮಾನವನ್ನು ಜೋಡಿಸಲು, ಚಾಲನೆ ಮಾಡಲು, ಕೆಟ್ಟರೆ ಸರಿಪಡಿಸಲು ಬೇಕಾದ ಸಮಸ್ತವೂ ಇದರೊಳಗೆ ಇರಬೇಕು. ಮನೆಯಿಂದ 30 ಕಿಲೋಮೀಟರು ದೂರದ ಬಯಲಿಗೆ ಹೋದ ಮೇಲೆ ಪ್ರೊಪೆಲರಿನ ಒಂದು ನಟ್ಟು ಮರೆತಿದ್ದರೆ ಆ ದಿನದ ಹಾರಾಟ ಅಲ್ಲಿಗೇ ಮುಗಿಯಿತು. ಹತ್ತಿರದ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ದೊರೆಯುವುದಿಲ್ಲ.

ಹವ್ಯಾಸಿಯೊಬ್ಬನ ಮರದ ಪೆಟ್ಟಿಗೆಗೂ ವಾಣಿಜ್ಯ ಪತ್ರಿಕೆಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜ. ಗ್ರಾಹಕನ ಅಗತ್ಯಕ್ಕೆ ತಕ್ಕಂತೆ ಒಂದೇ ಒಂದು ವಸ್ತುವನ್ನು ತಯಾರಿಸಿಕೊಡುವ ಆದೇಶ ಬಂದಾಗ ಬಹುತೇಕ ಸಣ್ಣ ಘಟಕಗಳು ಅದನ್ನು ತಿರಸ್ಕರಿಸುತ್ತವೆ, ಇಲ್ಲವೇ ಮರದ ಬೆಲೆಗೆ ಕೂಲಿ ಸೇರಿಸಿ ಕೊಟ್ಟು ನಷ್ಟ ಅನುಭವಿಸುತ್ತವೆ. ಈ ಪೆಟ್ಟಿಗೆಯನ್ನು ಸರಿಯಾಗಿ ಕಟ್ಟುವ ವಿಧಾನವನ್ನು ಹಂತಹಂತವಾಗಿ ಗಮನಿಸಿದರೆ, ಇಂತಹ ಆದೇಶವನ್ನು ಲಾಭದಾಯಕವಾಗಿ ನಿರ್ವಹಿಸುವ ಕ್ರಮವೂ ತಿಳಿದುಬರುತ್ತದೆ. ಅಲ್ಲದೆ, ಡ್ರೋನ್ ಉದ್ಯಮ ಬೆಳೆಯುತ್ತಿರುವ ಈ ದಿನಗಳಲ್ಲಿ ಇದೇ ಪೆಟ್ಟಿಗೆಗೆ ಹೊಸ ಗ್ರಾಹಕರು ಹುಟ್ಟಿಕೊಂಡಿದ್ದಾರೆ.

ವಿಮಾನದ ನಾಡಿನಲ್ಲಿ ಹವ್ಯಾಸ

ಬೆಂಗಳೂರಿಗೆ ವಿಮಾನದ ನಂಟು ಹಳೆಯದು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಇಲ್ಲಿ ಆರಂಭವಾಯಿತು. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ತೆರೆಯಿತು. 1948ರಲ್ಲಿ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸ್ಥಾಪನೆಯಾಯಿತು. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ‘ಏರೊ ಇಂಡಿಯಾ’ ಪ್ರದರ್ಶನ ನಡೆಯುತ್ತಾ ಬಂದಿದೆ. ಇಂತಹ ಊರಿನಲ್ಲಿ ಮಾದರಿ ವಿಮಾನದ ಹವ್ಯಾಸ ಬೇರೂರಿದ್ದರಲ್ಲಿ ಆಶ್ಚರ್ಯವಿಲ್ಲ. ಎನ್‌ಸಿಸಿ ವಾಯು ದಳದ ವಿದ್ಯಾರ್ಥಿಗಳಿಗೆ ಮಾದರಿ ವಿಮಾನ ನಿರ್ಮಾಣವು ತರಬೇತಿಯ ಒಂದು ಭಾಗ. ಇಂಜಿನಿಯರಿಂಗ್ ಕಾಲೇಜುಗಳ ತಂಡಗಳು ಎಸ್‌ಎಇ ಇಂಡಿಯಾ ಏರ್ಪಡಿಸುವ ವಿಮಾನ ವಿನ್ಯಾಸ ಸ್ಪರ್ಧೆಗಳಿಗೆ ತಮ್ಮದೇ ಮಾದರಿಗಳನ್ನು ಕಟ್ಟುತ್ತವೆ.

ಹಾರಿಸಲು ಬಯಲು ಬೇಕು. ಬಹುಕಾಲ ಹವ್ಯಾಸಿಗಳ ನೆಚ್ಚಿನ ತಾಣವಾಗಿದ್ದುದು ಹೆಸರಘಟ್ಟ. ಅರ್ಕಾವತಿಗೆ ಕಟ್ಟಿದ ಆ ಜಲಾಶಯದಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕುಡಿಯುವ ನೀರು ಹರಿದಿತ್ತು. ಕೆರೆ ಒಣಗಿದ್ದ ವರ್ಷಗಳಲ್ಲಿ ಅದರ ವಿಶಾಲವಾದ ಅಂಗಳವೇ ಪುಟ್ಟ ವಿಮಾನಗಳಿಗೆ ರನ್‌ವೇ ಆಯಿತು. ಈಗ ಪರಿಸ್ಥಿತಿ ಬೇರೆ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವನೆಗೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು. ಅಪರೂಪದ ಹಕ್ಕಿಗಳಿಗೆ ನೆಲೆಯಾದ ಆ ನೆಲಕ್ಕೆ ರಕ್ಷಣೆ ಬೇಕಾಗಿಯೇ ಇತ್ತು. ಇನ್ನೊಂದೆಡೆ, 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಸುತ್ತಲಿನ ಆಕಾಶಕ್ಕೆ ಕಟ್ಟುಪಾಡುಗಳು ಬಂದವು. 2021ರ ಡ್ರೋನ್ ನಿಯಮಗಳ ಪ್ರಕಾರ, ಚಾಲ್ತಿಯಲ್ಲಿರುವ ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿಲೋಮೀಟರು ಅಂತರದ ವಲಯದಲ್ಲಿ 200 ಅಡಿಗಿಂತ ಮೇಲೆ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿಗಿಂತ ಮೇಲೆ ಹಾರಿಸಲು ಅನುಮತಿ ಅಗತ್ಯ. 25 ಕಿಲೋ ಮೀರದ, ಕಣ್ಣಳತೆಯಲ್ಲಿಯೇ ಹಾರಿಸುವ, ಮನರಂಜನೆ ಅಥವಾ ಕಲಿಕೆಗಾಗಿ ಬಳಸುವ ಮಾದರಿಗಳಿಗೆ ಮಾದರಿ ಪ್ರಮಾಣಪತ್ರದಿಂದ ವಿನಾಯಿತಿ ಇದೆ. ಆದರೆ ವಲಯದ ನಕ್ಷೆಯನ್ನು ನೋಡದೆ ಹಾರಿಸುವಂತಿಲ್ಲ. ಹೀಗಾಗಿ ಹವ್ಯಾಸಿಗಳು ಭೂಮಾಲೀಕರ ಅನುಮತಿ ಪಡೆದು ಇನ್ನೂ ದೂರದ ಬಯಲುಗಳಿಗೆ ಹೋಗಬೇಕಾಗಿದೆ. ದೂರ ಹೆಚ್ಚಿದಷ್ಟೂ ಪೆಟ್ಟಿಗೆಯ ಮಹತ್ವವೂ ಹೆಚ್ಚುತ್ತದೆ.

ಮೊದಲು ತೂಕದ ಪಟ್ಟಿ

ಪೆಟ್ಟಿಗೆ ಕಟ್ಟುವವನು ಮೊದಲು ಹಿಡಿಯಬೇಕಾದುದು ಗರಗಸವನ್ನಲ್ಲ, ತಕ್ಕಡಿಯನ್ನು. ಒಂದೂವರೆ ಮೀಟರು ರೆಕ್ಕೆಯ, 6.5 ಸಿಸಿ ಗ್ಲೋ ಎಂಜಿನ್ನಿನ ತರಬೇತಿ ಮಾದರಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಈ ಎಂಜಿನ್ ಮೆಥನಾಲ್ ಮತ್ತು ಹರಳೆಣ್ಣೆ ಅಥವಾ ಕೃತಕ ಎಣ್ಣೆಯ ಮಿಶ್ರಣದಿಂದ ಓಡುತ್ತದೆ. ಕೆಲವು ಮಿಶ್ರಣಗಳಲ್ಲಿ ಸ್ವಲ್ಪ ನೈಟ್ರೊಮೀಥೇನ್ ಸಹ ಇರುತ್ತದೆ. ಇದರಲ್ಲಿ ಸ್ಕೂಟರಿನಂತೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಪ್ಲಾಟಿನಂ ತಂತಿಯ ಸುರುಳಿಯುಳ್ಳ ಗ್ಲೋ ಪ್ಲಗ್ಗನ್ನು ಸುಮಾರು 1.5 ವೋಲ್ಟ್ ವಿದ್ಯುತ್ತಿನಿಂದ ಕೆಂಪಗೆ ಕಾಯಿಸಿ ಎಂಜಿನ್ ಚಾಲನೆ ಮಾಡುತ್ತಾರೆ; ಒಮ್ಮೆ ಚಾಲನೆಯಾದ ಮೇಲೆ ದಹನದ ಶಾಖ ಮತ್ತು ಪ್ಲಾಟಿನಂನ ರಾಸಾಯನಿಕ ಗುಣದಿಂದಲೇ ಸುರುಳಿ ಕೆಂಪಾಗಿ ಉಳಿಯುತ್ತದೆ.

ಇದಕ್ಕೆ ಬೇಕಾದ ಸಾಮಗ್ರಿಗಳ ಅಂದಾಜು ತೂಕ ಹೀಗಿರುತ್ತದೆ: ಯುಪಿಎಸ್‌ಗಳಲ್ಲಿ ಬಳಸುವ 12 ವೋಲ್ಟ್ 7 ಆಂಪಿಯರ್-ಗಂಟೆಯ ಮುಚ್ಚಿದ ಬ್ಯಾಟರಿ, 2.3 ಕಿಲೋ, ಎರಡು ಲೀಟರು ಇಂಧನ ಮತ್ತು ಡಬ್ಬಿ, 1.8 ಕಿಲೋ, ವಿದ್ಯುತ್ ಸ್ಟಾರ್ಟರ್, 0.8 ಕಿಲೋ, ಆಲನ್ ಕೀ, ಸ್ಕ್ರೂ ಡ್ರೈವರ್, ಇಕ್ಕಳ, ಪ್ಲಗ್ ಸ್ಪ್ಯಾನರ್, ಬಿಡಿ ಪ್ರೊಪೆಲರ್, ಅಂಟು, ಟೇಪು, ರಬ್ಬರ್ ಬ್ಯಾಂಡ್ ಇತ್ಯಾದಿ, 1.5 ಕಿಲೋ. ಒಟ್ಟು 6.4 ಕಿಲೋ ಆಯಿತು. ಇನ್ನು ಪೆಟ್ಟಿಗೆಯ ತೂಕ.

48 ಸೆಂ.ಮೀ. ಉದ್ದ, 26 ಸೆಂ.ಮೀ. ಅಗಲ, 24 ಸೆಂ.ಮೀ. ಎತ್ತರದ ಪೆಟ್ಟಿಗೆಗೆ ಒಳಗಿನ ಅಡ್ಡಗೋಡೆ ಹಾಗೂ ಡ್ರಾಯರ್ ಸೇರಿ ಸುಮಾರು 0.8 ಚದರ ಮೀಟರು ಪ್ಲೈವುಡ್ ಬೇಕು. 6 ಮಿ.ಮೀ. ದಪ್ಪದ ಹಲಗೆಯಾದರೆ ಅದರ ತೂಕ 3 ಕಿಲೋ ಆಸುಪಾಸು. ‘ಗಟ್ಟಿಯಾಗಿರಲಿ’ ಎಂದು 12 ಮಿ.ಮೀ. ಬಳಸಿದರೆ 6 ಕಿಲೋ ದಾಟುತ್ತದೆ. ಮೊದಲನೆಯದನ್ನು ತುಂಬಿದಾಗ ಒಟ್ಟು ತೂಕ ಒಂಬತ್ತೂವರೆ ಕಿಲೋ. ಒಂದು ಕೈಯಲ್ಲಿ ಒಯ್ಯಬಹುದು. ಎರಡನೆಯದು ಹನ್ನೆರಡೂವರೆ ಕಿಲೋ. ಕಾರಿನಿಂದ ಬಯಲಿನವರೆಗೆ ನಡೆಯುವಷ್ಟರಲ್ಲಿ ಎರಡು ಬಾರಿ ಕೆಳಗಿಡಬೇಕಾಗುತ್ತದೆ. ಪೀಠೋಪಕರಣ ಮಾಡಿ ರೂಢಿಯಿರುವ ಬಡಗಿ ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ಕಪಾಟು ಒಂದೆಡೆ ನಿಲ್ಲುವ ವಸ್ತು. ಇದು ನಡೆಯುವ ವಸ್ತು.

8 ಅಡಿ 4 ಅಡಿಯ ಒಂದು ಹಲಗೆ ಸುಮಾರು 2.97 ಚದರ ಮೀಟರು. ಕೊಯ್ತದ ನಷ್ಟ ಕಳೆದರೂ ಅದರಲ್ಲಿ ಮೂರು ಪೆಟ್ಟಿಗೆಗಳು ಸಿಗುತ್ತವೆ. ಒಂದೇ ಪೆಟ್ಟಿಗೆಗಾಗಿ ಇಡೀ ಹಲಗೆ ಖರೀದಿಸಿ ಉಳಿದುದನ್ನು ಮೂಲೆಗೆ ಒರಗಿಸಿದರೆ, ಆ ಉಳಿಕೆಯ ಬೆಲೆಯನ್ನು ಯಾರು ಕೊಡಬೇಕು ಎಂಬುದು ಆದೇಶ ಒಪ್ಪುವ ಮುನ್ನವೇ ತೀರ್ಮಾನವಾಗಿರಬೇಕು.

ಕೈಯ ಕ್ರಮವೇ ನಕ್ಷೆ

ತೂಕದ ನಂತರ ಕೆಲಸದ ಕ್ರಮ. ಗ್ರಾಹಕನು ಬಯಲಿನಲ್ಲಿ ಯಾವುದನ್ನು ಮೊದಲು ಎತ್ತಿಕೊಳ್ಳುತ್ತಾನೆ, ಯಾವುದನ್ನು ನಂತರ, ಯಾವ ಕೈಯಲ್ಲಿ ಎಂಬುದನ್ನು ತಿಳಿಯದೆ ನಕ್ಷೆ ಬರೆಯಬಾರದು. ಸಾಧ್ಯವಾದರೆ ಒಂದು ಬೆಳಿಗ್ಗೆ ಅವನೊಂದಿಗೆ ಬಯಲಿಗೆ ಹೋಗಿ ನೋಡುವುದೇ ಉತ್ತಮ. ಅಲ್ಲಿ ಕಾಣುವುದು ಇಷ್ಟು: ಮೊದಲು ರೆಕ್ಕೆ ಜೋಡಣೆ, ಆಮೇಲೆ ರೇಡಿಯೊ ಪರೀಕ್ಷೆ, ಇಂಧನ ತುಂಬುವುದು, ಗ್ಲೋ ಪ್ಲಗ್ಗಿಗೆ ಕ್ಲಿಪ್ಪು ಹಾಕುವುದು, ಸ್ಟಾರ್ಟರನ್ನು ಮೂತಿಗೆ ಒತ್ತುವುದು, ಎಂಜಿನ್ ಹಿಡಿದ ಮೇಲೆ ಕ್ಲಿಪ್ಪು ತೆಗೆಯುವುದು, ಇಂಧನದ ಸೂಜಿಯನ್ನು ಹದಗೊಳಿಸುವುದು. ಹಾರಾಟ ಮುಗಿದ ಮೇಲೆ ಉಳಿದ ಇಂಧನ ಹೊರತೆಗೆದು ಮೈಗೆ ಹತ್ತಿದ ಎಣ್ಣೆಯನ್ನು ಒರೆಸುವುದು.

ಈ ಕ್ರಮವೇ ಪೆಟ್ಟಿಗೆಯ ಒಳವಿನ್ಯಾಸವನ್ನು ನಿರ್ಧರಿಸುತ್ತದೆ. ಪ್ರತಿ ಹಾರಾಟಕ್ಕೂ ಬೇಕಾದ ಸ್ಟಾರ್ಟರ್ ಮತ್ತು ಪ್ಲಗ್ ಕ್ಲಿಪ್ಪು ತೆರೆದ ಗೂಡಿನಲ್ಲಿ, ಮುಚ್ಚಳವಿಲ್ಲದೆ ಇರಬೇಕು. ದಿನಕ್ಕೊಮ್ಮೆ ಬಳಸುವ ಆಲನ್ ಕೀಗಳು ಮೇಲಿನ ಡ್ರಾಯರಿನಲ್ಲಿ. ಅಪಘಾತವಾದಾಗ ಮಾತ್ರ ಬೇಕಾಗುವ ಅಂಟು, ಬಿಡಿಭಾಗಗಳು ಕೆಳಗಿನ ಡ್ರಾಯರಿನಲ್ಲಿ. ಹತ್ತು ಅಂಗುಲದ ಪ್ರೊಪೆಲರ್ ನಿಮಿಷಕ್ಕೆ 10,000 ಸುತ್ತುಗಳನ್ನು ಮೀರಿ ತಿರುಗುತ್ತಿರುವಾಗ ಅದರ ಮುಂದಿನಿಂದಲೋ ಪಕ್ಕದಿಂದಲೋ ಕೈಚಾಚಿ ಏನನ್ನೂ ಎತ್ತಿಕೊಳ್ಳುವ ಪ್ರಮೇಯ ಬರಬಾರದು. ಆದ್ದರಿಂದ ಎಂಜಿನ್ ಹಿಡಿದ ಮೇಲೆ ಬೇಕಾಗುವ ಪ್ರತಿಯೊಂದೂ ಪ್ರೊಪೆಲರಿನ ಹಿಂದುಗಡೆ, ಅಂದರೆ ಹವ್ಯಾಸಿ ಕುಳಿತ ಬದಿಯಲ್ಲಿ ಇರಬೇಕು. ಎಡಗೈ ಬಳಸುವವನಿಗೆ ಇಡೀ ವಿನ್ಯಾಸ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗುತ್ತದೆ. ಸಿದ್ಧ ಪೆಟ್ಟಿಗೆಗಳು ಇಂತಹ ಗ್ರಾಹಕನನ್ನು ಗಮನಿಸುವುದಿಲ್ಲ. ಅವನು ಆದೇಶ ಕೊಟ್ಟು ಮಾಡಿಸಲು ಬರುವುದು ಅದಕ್ಕಾಗಿಯೇ.

ಅನೇಕ ಪೆಟ್ಟಿಗೆಗಳ ಮೇಲ್ಭಾಗದಲ್ಲಿ ವಿಮಾನದ ಒಡಲನ್ನು ಕೂರಿಸಲು ‘ವಿ’ ಆಕಾರದ ಎರಡು ಕವಲುಗಳಿರುತ್ತವೆ. ಅವುಗಳ ಅಂಚಿಗೆ ಫೋಮ್ ಕೊಳವೆಯನ್ನು ಸೀಳಿ ತೊಡಿಸಿದರೆ ಒಡಲಿನ ತೆಳು ಹೊದಿಕೆಗೆ ಗೀರು ಬೀಳುವುದಿಲ್ಲ. ಸ್ಟಾರ್ಟರನ್ನು ಒತ್ತಿದಾಗ ವಿಮಾನ ಹಿಂದೆ ಸರಿಯದಂತೆ ತಡೆ, ಪೆಟ್ಟಿಗೆಯೇ ಜಾರದಂತೆ ತಳಕ್ಕೆ ರಬ್ಬರಿನ ಕಾಲುಗಳು ಅವಶ್ಯ.

ಮರ, ಬೆಸುಗೆ, ಬಣ್ಣ

ಕರ್ನಾಟಕದ ಮಳೆಗಾಲದ ತೇವ, ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗಿನ ಕಾವು ಎರಡನ್ನೂ ತಡೆದುಕೊಳ್ಳಬೇಕಾದ ಕಾರಣ ಪ್ಲೈವುಡ್‌ನ ಆಯ್ಕೆ ಮುಖ್ಯ. ಐಎಸ್ 303 ಮಾನಕದ ತೇವ ನಿರೋಧಕ ದರ್ಜೆಗಿಂತ ಕುದಿನೀರು ನಿರೋಧಕ ದರ್ಜೆ ಮೇಲು. ಐಎಸ್ 710ರ ಮರೈನ್ ಪ್ಲೈವುಡ್ ಇನ್ನೂ ಉತ್ತಮ. ಆದರೆ ಬೆಲೆ ಮತ್ತು ತೂಕ ಎರಡೂ ಹೆಚ್ಚಾಗಬಹುದು.

6 ಮಿ.ಮೀ. ಹಲಗೆಯ ಅಂಚಿಗೆ ಮೊಳೆ ಹೊಡೆದರೆ ಪದರ ಸೀಳುತ್ತದೆ. ಇಲ್ಲಿ ಕೈಬೆರಳುಗಳನ್ನು ಹೆಣೆದಂತೆ ಒಂದರೊಳಗೊಂದು ಸೇರುವ ‘ಫಿಂಗರ್ ಜಾಯಿಂಟ್’ ಸೂಕ್ತ. ಅಂಟು ಹಿಡಿಯುವ ಮೇಲ್ಮೈ ಇದರಲ್ಲಿ ಹೆಚ್ಚು, ಮೊಳೆಯ ಹಂಗಿಲ್ಲ. ಲೇಸರ್ ಯಂತ್ರದಲ್ಲಿ ಕತ್ತರಿಸುವುದಾದರೆ ಕಿರಣವು ಸುಟ್ಟು ತೆಗೆಯುವ ಅಗಲವನ್ನು ಮೊದಲೇ ಅಳೆದು ನಕ್ಷೆಯಲ್ಲಿ ಸೇರಿಸಬೇಕು. ಇಲ್ಲವಾದರೆ ಪ್ರತಿ ಬೆರಳೂ ಸಡಿಲವಾಗುತ್ತದೆ. 6 ಮಿ.ಮೀ. ಎಂದು ಮಾರುವ ಹಲಗೆ ನಿಜವಾಗಿ ಅಷ್ಟೇ ಇರಬೇಕೆಂದಿಲ್ಲ. ಪ್ರತಿ ಹಲಗೆಯನ್ನೂ ವರ್ನಿಯರ್‌ನಿಂದ ಅಳೆಯುವ ಅಭ್ಯಾಸವಿರಬೇಕು.

ಬಣ್ಣದ ವಿಷಯದಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ಬಡಗಿಗಳು ಸಾಮಾನ್ಯವಾಗಿ ಹಚ್ಚುವ ಫ್ರೆಂಚ್ ಪಾಲಿಶ್ ಅರಗಿನಿಂದ ಮಾಡಿದ್ದು. ಅರಗು ಮದ್ಯಸಾರದಲ್ಲಿ ಕರಗುತ್ತದೆ. ಮೆಥನಾಲ್ ಸಹ ಒಂದು ಮದ್ಯಸಾರವೇ. ಅಂದವಾಗಿ ಹೊಳೆಯುತ್ತಿದ್ದ ಪೆಟ್ಟಿಗೆ ಮೊದಲ ಭಾನುವಾರವೇ, ಇಂಧನದ ನಾಲ್ಕು ಹನಿ ಬಿದ್ದೊಡನೆ, ಅಂಟಂಟಾಗುತ್ತದೆ. ಎರಡು ಡಬ್ಬಿಗಳ ದ್ರಾವಣ ಬೆರೆಸಿ ಹಚ್ಚುವ ಪಾಲಿಯುರಿಥೇನ್ ಅಥವಾ ಎಪಾಕ್ಸಿ ಲೇಪನ ಇದನ್ನು ತಡೆಯುತ್ತದೆ. ಒಳಭಾಗಕ್ಕೂ, ವಿಶೇಷವಾಗಿ ಹಲಗೆಯ ಕತ್ತರಿಸಿದ ಅಂಚುಗಳಿಗೂ ಲೇಪನ ತಲುಪಬೇಕು. ಎಣ್ಣೆ ಹೀರುವುದು ಅಲ್ಲಿಂದಲೇ. ಗ್ರಾಹಕನು ಪೆಟ್ಟಿಗೆಯಲ್ಲಿ ಏನು ಇಡುತ್ತಾನೆ ಎಂದು ಕೇಳದೆ ಬಣ್ಣ ಆರಿಸಿದ ತಯಾರಕನಿಗೆ ಪೆಟ್ಟಿಗೆ ಹಿಂದಿರುಗಿ ಬರುವುದು ಖಚಿತ.

ಸಮತೋಲ ಮತ್ತು ಸುರಕ್ಷತೆ

ವಿಮಾನಕ್ಕೆ ಗುರುತ್ವಕೇಂದ್ರ ಎಷ್ಟು ಮುಖ್ಯವೋ ಪೆಟ್ಟಿಗೆಗೂ ಅಷ್ಟೇ. ಹಿಡಿಕೆಯ ನಡುಬಿಂದುವಿನಿಂದ ಎಡಕ್ಕೆ 18 ಸೆಂ.ಮೀ. ದೂರದಲ್ಲಿ 2.3 ಕಿಲೋ ಬ್ಯಾಟರಿ ಇದ್ದರೆ, ಬಲಕ್ಕೆ 23 ಸೆಂ.ಮೀ. ದೂರದಲ್ಲಿ 1.8 ಕಿಲೋ ಇಂಧನ ಅದನ್ನು ಸರಿದೂಗಿಸುತ್ತದೆ. ತೂಕವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ 41.4 ಬರುತ್ತದೆ. ಕಾಗದದ ಮೇಲೆ ಇದು ನಿರ್ದುಷ್ಟ ವಿನ್ಯಾಸ. ಆದರೆ ಮಧ್ಯಾಹ್ನದ ಹೊತ್ತಿಗೆ ಇಂಧನ ಖರ್ಚಾಗಿರುತ್ತದೆ, ಬ್ಯಾಟರಿಯ ತೂಕ ಹಾಗೆಯೇ ಇರುತ್ತದೆ. ಬೆಳಿಗ್ಗೆ ನೆಟ್ಟಗಿದ್ದ ಪೆಟ್ಟಿಗೆ ಹಿಂದಿರುಗುವಾಗ ಎಡಕ್ಕೆ ವಾಲುತ್ತದೆ. ಆದ್ದರಿಂದ ದಿನದಲ್ಲಿ ತೂಕ ಬದಲಾಗುವ ವಸ್ತು ಹಿಡಿಕೆಯ ನೇರಕ್ಕೆ ಹತ್ತಿರವಿರಬೇಕು. ತೂಕ ಬದಲಾಗದ ಬ್ಯಾಟರಿ ಮತ್ತು ಹತಾರಗಳನ್ನು ಪರಸ್ಪರ ಎದುರುಬದುರು ಇಟ್ಟು ಸರಿದೂಗಿಸಬೇಕು.

ಆದರೆ ಇಂಧನ ಮತ್ತು ಬ್ಯಾಟರಿ ಒಂದೇ ಗೂಡಿನಲ್ಲಿ ಇರಕೂಡದು. ಮೆಥನಾಲ್ ಆವಿ ಸುಲಭವಾಗಿ ಹೊತ್ತಿಕೊಳ್ಳುತ್ತದೆ; ಅದರ ಜ್ವಾಲೆ ಹಗಲಿನ ಬೆಳಕಿನಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಬೆಂಕಿ ಹತ್ತಿದ್ದು ಕಣ್ಣಿಗೆ ಬೀಳುವ ಮೊದಲೇ ಕೈ ಸುಟ್ಟಿರುತ್ತದೆ. ನಡುವೆ ಪೂರ್ಣ ಅಡ್ಡಗೋಡೆ, ಬ್ಯಾಟರಿಯ ಧನ ತುದಿಯ ಸಮೀಪದಲ್ಲಿಯೇ ಫ್ಯೂಸ್, ತುದಿಗಳಿಗೆ ರಬ್ಬರ್ ಟೋಪಿ, ಇಂಧನದ ಗೂಡಿನ ತಳದಲ್ಲಿ ಚೆಲ್ಲಿದ್ದು ಹೊರಹೋಗಲು ರಂಧ್ರಗಳು, ಇವು ಕಡ್ಡಾಯ. ಮೆಥನಾಲ್ ಕುಡಿದರೆ ಕಣ್ಣು ಹೋಗುವ, ಪ್ರಾಣವೇ ಹೋಗುವ ವಿಷ. ಡಬ್ಬಿಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಬರೆದು ಅಂಟಿಸಲು ಸ್ಥಳ ಬಿಡುವುದು ತಯಾರಕನ ಜವಾಬ್ದಾರಿ.

ಕಾಲ ಬದಲಾದಾಗ

ಈ ತನಕ ವಿವರಿಸಿದ ಪೆಟ್ಟಿಗೆಯನ್ನು ನೂರು ಸಂಖ್ಯೆಯಲ್ಲಿ ಮಾಡಿ ದಾಸ್ತಾನು ಇಟ್ಟ ತಯಾರಕನ ಗತಿ ಏನಾಗುತ್ತಿತ್ತು? ಬ್ರಶ್‌ಲೆಸ್ ಮೋಟಾರು ಮತ್ತು ಲಿಥಿಯಂ ಪಾಲಿಮರ್ ಬ್ಯಾಟರಿ ಅಗ್ಗವಾದ ಮೇಲೆ ಹವ್ಯಾಸಿಗಳ ಬಹುಪಾಲು ವಿದ್ಯುತ್ತಿನತ್ತ ಹೊರಳಿತು. ಇಂಧನದ ಗೂಡು, ಸ್ಟಾರ್ಟರಿನ ಗೂಡು, ಪ್ಲಗ್ಗಿನ ಫಲಕ, ಎಲ್ಲವೂ ನಿರುಪಯೋಗಿ. ಹಿಂದೆ ಒಬ್ಬೊಬ್ಬರ ರೇಡಿಯೊಗೂ ಪ್ರತ್ಯೇಕ ತರಂಗಾಂತರವಿದ್ದು, ಇಬ್ಬರು ಒಂದನ್ನೇ ಬಳಸದಂತೆ ಬಯಲಿನಲ್ಲಿ ಗುರುತಿನ ಕ್ಲಿಪ್ಪು ಹಾಕುತ್ತಿದ್ದರು. ಅದಕ್ಕೂ ಪೆಟ್ಟಿಗೆಯಲ್ಲಿ ಜಾಗವಿತ್ತು. 2005ರಲ್ಲಿ ಭಾರತ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಪರವಾನಗಿಯಿಂದ ಮುಕ್ತಗೊಳಿಸಿತು. ತಾವೇ ತರಂಗಾಂತರ ಹಂಚಿಕೊಳ್ಳುವ ರೇಡಿಯೊಗಳು ಬಂದವು. ಆ ಕ್ಲಿಪ್ಪೂ ಹೋಯಿತು.

ಹೊಸ ಪೆಟ್ಟಿಗೆಯ ಲೆಕ್ಕವೇ ಬೇರೆ. 12 ವೋಲ್ಟ್ 7 ಆಂಪಿಯರ್-ಗಂಟೆಯ ಹಳೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಶಕ್ತಿ. ಮೂರು ಕೋಶಗಳ, 2,200 ಮಿಲಿ ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿಗೆ ಬೇಕಾದುದು ಸುಮಾರು 24 ವಾಟ್-ಗಂಟೆ. ಭಾಗಿಸಿದರೆ ಮೂರೂವರೆ ಬಾರಿ ತುಂಬಬಹುದು ಎಂದು ತೋರುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಚಾರ್ಜರಿನಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ವಾಸ್ತವದಲ್ಲಿ ಸಿಗುವುದು ಒಂದೂವರೆ ಬಾರಿ ಮಾತ್ರ. ಹಳೆಯ ನಕ್ಷೆಯನ್ನೇ ಇಟ್ಟುಕೊಂಡು ಚಾರ್ಜರ್ ಒಂದನ್ನು ಸೇರಿಸಿಕೊಟ್ಟರೆ ಗ್ರಾಹಕನಿಗೆ ಕೆಲಸವಾಗದು. ಅವನು ಮನೆಯಲ್ಲೇ ತುಂಬಿದ ನಾಲ್ಕಾರು ಬ್ಯಾಟರಿಗಳನ್ನು ಒಯ್ಯುವಂತೆ ಪೆಟ್ಟಿಗೆ ಕಟ್ಟಬೇಕು.

ಲಿಥಿಯಂ ಬ್ಯಾಟರಿಯ ಅಪಾಯವೂ ಬೇರೆ. ಪೆಟ್ಟು ಬಿದ್ದರೆ ಅಥವಾ ತಪ್ಪಾಗಿ ಚಾರ್ಜ್ ಮಾಡಿದರೆ ಅದು ಉಬ್ಬಿ, ಅನಿಲ ಕಾರಿ, ಉರಿಯುತ್ತದೆ. ಮರದ ಪೆಟ್ಟಿಗೆಯೊಳಗೆ ಚಾರ್ಜ್ ಮಾಡಲೇಬಾರದು. ಒಯ್ಯುವಾಗ ಒಂದಕ್ಕೊಂದು ತಾಗದಂತೆ ಪ್ರತ್ಯೇಕ ಗೂಡುಗಳು, ಬೆಂಕಿ ತಡೆಯುವ ಚೀಲ ಅಥವಾ ಸಿಮೆಂಟ್ ಫೈಬರ್ ಹಲಗೆಯ ಒಳಪದರ, ಅನಿಲ ಹೊರಹೋಗಲು ದಾರಿ ಬೇಕು. ಗಾಳಿಯಾಡದಂತೆ ಬಿಗಿದ ಪೆಟ್ಟಿಗೆ ಸಿಡಿಯಬಲ್ಲದು. ಬಳಸಿದ ಬ್ಯಾಟರಿಯನ್ನು ತುಂಬಿದ ಬ್ಯಾಟರಿಯೆಂದು ತಿಳಿದು ವಿಮಾನಕ್ಕೆ ಹಾಕಿದರೆ ನಡುಹಾರಾಟದಲ್ಲಿ ಮೋಟಾರು ನಿಲ್ಲುತ್ತದೆ. ಎಡಸಾಲು ತುಂಬಿದ್ದು, ಬಲಸಾಲು ಬಳಸಿದ್ದು ಎಂದು ಎರಡು ಬಣ್ಣದ ಗೂಡುಗಳಿದ್ದರೆ ಈ ತಪ್ಪು ಆಗದು. ಹೆಚ್ಚು ಖರ್ಚಿಲ್ಲದ ಈ ಸೌಲಭ್ಯ ಒಂದು ವಿಮಾನವನ್ನು ಉಳಿಸುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಪೆಟ್ಟಿಗೆಯ ಆಕಾರ ಹಳತಾಗುತ್ತದೆ. ಗ್ರಾಹಕನ ಕೆಲಸವನ್ನು ನೋಡಿ ಕಟ್ಟುವ ವಿದ್ಯೆ ಹಳತಾಗುವುದಿಲ್ಲ. ತಯಾರಕನ ಬಂಡವಾಳ ಎರಡನೆಯದರಲ್ಲಿರಬೇಕು.

ಬೆಲೆ ಕಟ್ಟುವ ಬಗೆ

ಉದಾಹರಣೆಗೆ ಒಂದು ಪೆಟ್ಟಿಗೆಗೆ ಗ್ರಾಹಕನೊಂದಿಗೆ ಚರ್ಚೆ ಮತ್ತು ನಕ್ಷೆಗೆ 5 ಗಂಟೆ, ಕತ್ತರಿಸಲು 3, ಜೋಡಿಸಲು 4, ಲೇಪನಕ್ಕೆ 3, ಒಟ್ಟು 15 ಗಂಟೆ ಹಿಡಿಯುತ್ತದೆ ಎಂದು ಇಟ್ಟುಕೊಳ್ಳಬಹುದು. ಮೂರನೆಯ ಒಂದು ಭಾಗ ಮರವನ್ನು ಮುಟ್ಟುವ ಮೊದಲೇ ಕಳೆಯಿತು. ಆ 5 ಗಂಟೆಗಳನ್ನು ಲೆಕ್ಕಕ್ಕೆ ಹಿಡಿಯದವನು ತನ್ನ ದುಡಿಮೆಯ ಅತ್ಯಂತ ಬೆಲೆಬಾಳುವ ಭಾಗವನ್ನು ಉಚಿತವಾಗಿ ಕೊಟ್ಟಂತೆ. ಅದೇ ನಕ್ಷೆಗೆ ಒಂದು ಕ್ಲಬ್ಬಿನ ಅಥವಾ ಕಾಲೇಜಿನ ಐದು ಪೆಟ್ಟಿಗೆಗಳು ಸಿಕ್ಕರೆ ನಕ್ಷೆಯ ಹೊರೆ ತಲಾ ಒಂದು ಗಂಟೆಗೆ ಇಳಿಯುತ್ತದೆ. ಪ್ರತಿಯೊಂದಕ್ಕೂ 11 ಗಂಟೆ ಸಾಕು. ಆದ್ದರಿಂದ ದರಪಟ್ಟಿಯಲ್ಲಿ ನಕ್ಷೆಯ ಶುಲ್ಕವನ್ನು ಪ್ರತ್ಯೇಕವಾಗಿ ತೋರಿಸುವುದು ಲೇಸು. ಗ್ರಾಹಕನಿಗೂ ಎರಡನೆಯ ಪೆಟ್ಟಿಗೆ ಏಕೆ ಅಗ್ಗ ಎಂಬುದು ಸ್ಪಷ್ಟವಾಗುತ್ತದೆ.

ಒಬ್ಬನಿಗಾಗಿ ಮಾಡಿದ ಪೆಟ್ಟಿಗೆಯನ್ನು ಅವನು ಒಯ್ಯದಿದ್ದರೆ ಇನ್ನೊಬ್ಬನಿಗೆ ಮಾರಲು ಬರುವುದಿಲ್ಲ. ಸಾಮಗ್ರಿಯ ವೆಚ್ಚವನ್ನಾದರೂ ಮುಂಗಡ ಪಡೆದು, ಅಳತೆ, ತೂಕ, ಲೇಪನ, ಒಳಗಿಡುವ ವಸ್ತುಗಳ ಪಟ್ಟಿ ಇವನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಹಕನ ಸಹಿ ಪಡೆಯಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಗೆ ವ್ಯಾಪಾರದಲ್ಲಿ ಬರಹವೂ ಸೇರುತ್ತದೆ. ಕಂಪನಿಗಳಿಗೆ ಸರಬರಾಜು ಮಾಡುವ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ತಯಾರಕರು 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯನ್ನು ನೆನಪಿನಲ್ಲಿಡಬೇಕು: ಲಿಖಿತ ಒಪ್ಪಂದವಿದ್ದರೂ ಪಾವತಿಯ ಅವಧಿ 45 ದಿನಗಳನ್ನು ಮೀರುವಂತಿಲ್ಲ.

ಒಪ್ಪಿಸುವ ಮುನ್ನ ಪರೀಕ್ಷೆಯೂ ಆಗಬೇಕು. ಪೆಟ್ಟಿಗೆಯಲ್ಲಿ ಹತ್ತು ಕಿಲೋ ಮರಳಿನ ಚೀಲಗಳನ್ನಿಟ್ಟು ಹಿಡಿಕೆಯಿಂದ ಒಂದು ರಾತ್ರಿ ತೂಗುಹಾಕಿ, ಮರುದಿನ ಮೊಣಕಾಲೆತ್ತರದಿಂದ ನೆಲಕ್ಕೆ ಬಿಡಬೇಕು. ಬಿರುಕು ಕಾಣಿಸುವುದಾದರೆ ಅದು ಕಾರ್ಯಾಗಾರದಲ್ಲಿಯೇ ಕಾಣಿಸಲಿ.

ಹೊಸ ಗ್ರಾಹಕರು

ಹವ್ಯಾಸಿಗಳ ಸಂಖ್ಯೆ ಸೀಮಿತ. ಅವರಿಗಾಗಿ ಮಾತ್ರ ಒಂದು ಘಟಕ ನಡೆಸಲಾಗದು. ಆದರೆ ಅವರಿಂದ ಕಲಿತುದಕ್ಕೆ ಬೇರೆ ಮಾರುಕಟ್ಟೆಗಳಿವೆ.

ಮೊದಲನೆಯದು ಡ್ರೋನ್. 2022ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ವಿದೇಶಿ ಡ್ರೋನುಗಳ ಆಮದನ್ನು ಕೆಲವು ವಿನಾಯಿತಿಗಳೊಂದಿಗೆ ನಿಷೇಧಿಸಿ, ಬಿಡಿಭಾಗಗಳ ಆಮದಿಗೆ ಮಾತ್ರ ಅವಕಾಶ ಉಳಿಸಿತು. ದೇಶೀಯ ಜೋಡಣೆಗೆ ಇದು ಒತ್ತು ನೀಡಿತು. 2023ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ, ಮಹಿಳಾ ಸ್ವಸಹಾಯ ಸಂಘಗಳಿಗೆ ಕೃಷಿ ಡ್ರೋನ್ ಒದಗಿಸುವ ಯೋಜನೆಯಲ್ಲಿ 15,000 ಸಂಘಗಳ ಗುರಿ ಇರಿಸಲಾಗಿತ್ತು. ವೆಚ್ಚ 1,261 ಕೋಟಿ ರೂಪಾಯಿ. ಆ ಯೋಜನೆಯ ಸಲಕರಣೆಗಳ ಪಟ್ಟಿಯಲ್ಲಿ ಸಿಂಪಡಣಾ ಸಾಧನ, ಬ್ಯಾಟರಿಗಳು, ವೇಗದ ಚಾರ್ಜರ್, ಗಾಳಿಯ ವೇಗ ಅಳೆಯುವ ಯಂತ್ರಗಳ ಜೊತೆಗೆ ‘ಡ್ರೋನ್ ಒಯ್ಯುವ ಪೆಟ್ಟಿಗೆ’ಯೂ ಸೇರಿತ್ತು ಎಂಬುದು ಗಮನಾರ್ಹ. ಹೊಲದ ಬದುವಿನ ಮೇಲೆ ಬ್ಯಾಟರಿ ಬದಲಿಸುವ, ಕೀಟನಾಶಕ ಅಳೆಯುವ, ಮುರಿದ ಪ್ರೊಪೆಲರ್ ಕಳಚುವ ಮಹಿಳೆಗೆ ಬೇಕಾದುದು ಹವ್ಯಾಸಿಯ ಪೆಟ್ಟಿಗೆಯ ಇನ್ನೊಂದು ರೂಪವೇ. ಆಕೆಯ ಎತ್ತರ, ಆಕೆ ಎತ್ತಬಲ್ಲ ತೂಕ, ಒದ್ದೆ ಕೈ, ಕೆಸರು, ವಿಷವನ್ನು ಹತಾರಗಳಿಂದ ಬೇರ್ಪಡಿಸುವ ಅಗತ್ಯ, ಇವುಗಳನ್ನು ಆಧರಿಸಿ ಹೊಸ ನಕ್ಷೆ ಬರೆಯಬೇಕಾಗುತ್ತದೆ. ಭೂಮಾಪನ ಮಾಡುವ ಡ್ರೋನ್ ತಂಡಗಳ ಅಗತ್ಯವೂ ಇದೇ ಬಗೆಯದು.

ಎರಡನೆಯದು ವೈಮಾನಿಕ ಉದ್ಯಮ. ದೇವನಹಳ್ಳಿಯ ಬಳಿ ಕೆಐಎಡಿಬಿ ಅಭಿವೃದ್ಧಿಪಡಿಸಿದ ಏರೋಸ್ಪೇಸ್ ಪಾರ್ಕಿನಲ್ಲಿ ಹಲವು ಘಟಕಗಳು ನೆಲೆಯೂರಿವೆ. ವಿಮಾನದ ದುರಸ್ತಿ ಮಾಡುವಲ್ಲಿ ಒಂದು ಸ್ಪ್ಯಾನರ್ ಒಳಗೆ ಉಳಿದುಹೋದರೆ ಅನಾಹುತವಾದೀತು. ಅದಕ್ಕಾಗಿ ಪ್ರತಿ ಹತಾರದ ಆಕಾರದಲ್ಲಿ ಕೊರೆದ ಎರಡು ಬಣ್ಣದ ಫೋಮ್ ಪದರ ಬಳಸುತ್ತಾರೆ. ಮೇಲಿನ ಪದರ ಕಪ್ಪು, ಕೆಳಗಿನದು ಹಳದಿ ಅಥವಾ ಕೆಂಪು. ಹತಾರ ಹಿಂದಿರುಗದಿದ್ದರೆ ಬಣ್ಣ ಎದ್ದು ಕಾಣುತ್ತದೆ. ಹವ್ಯಾಸಿಯ ಡ್ರಾಯರಿನಲ್ಲಿ ಇದನ್ನು ಮಾಡಿ ಕೈಪಳಗಿದ ಘಟಕಕ್ಕೆ ಅಂತಹ ಕಂಪನಿಯ ಬಾಗಿಲು ತಟ್ಟಲು ತೋರಿಸಬಹುದಾದ ಒಂದು ಮಾದರಿ ಕೈಯಲ್ಲಿರುತ್ತದೆ.

ದೊಡ್ಡಬಳ್ಳಾಪುರ, ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆಗಳ ಕೈಗಾರಿಕಾ ಪ್ರದೇಶಗಳಿರುವ ಈ ಜಿಲ್ಲೆಯಲ್ಲಿ ಪ್ಯಾಕಿಂಗ್ ಪೆಟ್ಟಿಗೆ, ಪೀಠೋಪಕರಣ, ಫೋಮ್ ಕೊಯ್ತ, ಲೇಸರ್ ಕೊಯ್ತದ ಕೆಲಸಗಳು ಬೇರೆ ಬೇರೆ ಘಟಕಗಳಲ್ಲಿ ನಡೆಯುತ್ತವೆ. ಒಂದು ಉತ್ತಮ ಪೆಟ್ಟಿಗೆಗೆ ಈ ನಾಲ್ಕೂ ಬೇಕು. ಒಬ್ಬರು ನಕ್ಷೆ ಮತ್ತು ಗ್ರಾಹಕನ ಹೊಣೆ ಹೊತ್ತು, ಉಳಿದವರು ತಮ್ಮ ಪಾಲಿನ ಕೆಲಸ ಮಾಡಿಕೊಟ್ಟರೆ ಹೊಸ ಯಂತ್ರಕ್ಕೆ ಬಂಡವಾಳ ಹೂಡದೆಯೇ ಆದೇಶ ಪೂರೈಸಬಹುದು.

ಬಯಲಿನಲ್ಲಿ ದಿನ ಮುಗಿದು ಹವ್ಯಾಸಿ ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಪ್ರತಿ ಹತಾರವೂ ತನ್ನ ಗೂಡಿಗೆ ಮರಳಿದೆಯೇ, ಖಾಲಿ ಗೂಡು ತಟ್ಟನೆ ಕಣ್ಣಿಗೆ ಬೀಳುತ್ತದೆಯೇ, ಪೆಟ್ಟಿಗೆ ಕಾರಿನವರೆಗೆ ಒಂದೇ ಕೈಯಲ್ಲಿ ಹೋಗುತ್ತದೆಯೇ, ಇವು ತಯಾರಕನ ಕೆಲಸಕ್ಕೆ ಸಿಗುವ ಅಂಕಗಳು. ಮುಂದಿನ ಬಾರಿ ಗ್ರಾಹಕನೊಬ್ಬ ‘ಒಂದೇ ಒಂದು ಬೇಕು, ಮಾಡಿಕೊಡುವಿರಾ?’ ಎಂದು ಕೇಳಿದಾಗ ಉದ್ದಿಮೆದಾರರು ಇಲ್ಲವೆನ್ನುವ ಮುನ್ನ ಅವನ ಕೆಲಸವನ್ನು ಒಮ್ಮೆ ನೋಡಲಿ, ನೋಡಿದ ವೇಳೆಗೂ ಬೆಲೆ ಕಟ್ಟಲಿ.